ತಕ್ಕಡಿ ಇರುವ ಸ್ಥಳ

ನನ್ನ ಚೀಲದಲ್ಲಿ ಒಂದು ಇಕ್ಕಳ, ತಂತಿಯ ಸುರುಳಿ,
ಕಡಲೆಯಷ್ಟು ದಪ್ಪದ ಸೀಸದ ಗುಂಡುಗಳು.
ಒತ್ತಿದರೆ ಸಾಕು, ಸರಕಾರ ಅದರ ಮೇಲೆ ಕೂತುಬಿಡುತ್ತದೆ:
ಇಸವಿ, ಒಂದು ಅಕ್ಷರ, ನನ್ನ ಸಂಖ್ಯೆ.
ಹತ್ತೊಂಬತ್ತು ವರ್ಷ ಹೀಗೆ
ಬಂದರದ ಅಕ್ಕಿ ಮಂಡಿ, ಉರ್ವದ ಬೆಳ್ಳಿ ಅಂಗಡಿ,
ಬಂಕಿನ ಪೆಟ್ರೋಲು, ಆಟೋದ ಮೀಟರು.

ದಕ್ಕೆಯಲ್ಲಿ ನಾನು ಬರುವ ಸುದ್ದಿ
ನನಗಿಂತ ಮೊದಲೇ ತಲುಪುತ್ತದೆ.
ಬಂಗುಡೆ ರಾಶಿಯ ಹಿಂದೆ ಜಲಜಕ್ಕ
ಬಟ್ಟಲಿನಡಿಯ ಮೇಣದ ಉಂಡೆಯನ್ನು
ಸೆರಗಿನ ಗಂಟಿಗೆ ಸೇರಿಸಿ ನಗುತ್ತಾಳೆ.
ಒಮ್ಮೆ ಪುರುಸೊತ್ತು ಸಿಗಲಿಲ್ಲ ಅವಳಿಗೆ.
ನಲವತ್ತು ಗ್ರಾಮು.
ದಂಡ ಬರೆದೆ, ರಶೀದಿ ಹರಿದು ಕೊಟ್ಟೆ.
ಮೀನಿನ ಕೈಯಲ್ಲೇ ಅವಳು ಎಣಿಸಿದ ನೋಟುಗಳನ್ನು
ಖಜಾನೆಗೆ ಕಟ್ಟುವಾಗ ಗುಮಾಸ್ತ ಮೂಗು ಮುಚ್ಚಿಕೊಂಡ.

ಕಳೆದ ತಿಂಗಳು, ಊಟದ ಹೊತ್ತಿಗೆ, ಅನ್ಸಾಫ್ ಬಂದ.
ಅವನ ಮೀಟರಿಗೆ ವರ್ಷ ವರ್ಷ ಸೀಸ ಒತ್ತುವವಳು ನಾನೇ.
ಈ ಸಲ ಮೀಟರು ತಂದಿರಲಿಲ್ಲ.
ಮೇಜಿನ ಮೇಲೆ ಫೋನು ಇಟ್ಟ:
"ಮೇಡಮ್, ಇದಕ್ಕೊಂದು ಸೀಲ್ ಹಾಕಿ ಕೊಡಿ."

ನಕ್ಕೆ. ಅವನು ನಗಲಿಲ್ಲ.
ಹಂಪನಕಟ್ಟೆಯಿಂದ ಕಂಕನಾಡಿ. ಹತ್ತಿದವಳು ಕಾಲೇಜು ಹುಡುಗಿ.
ಅವಳ ಪರದೆಯಲ್ಲಿ ನೂರ ಮೂವತ್ತೊಂದು,
ಅವನದರಲ್ಲಿ ಎಂಬತ್ತಾರು.
"ನಡುವಿನದ್ದು ಎಲ್ಲಿ ಹೋಯಿತು ಅಂತ ಕೇಳಿದರೆ
ಎಂತ ಹೇಳುತ್ತದೆ ಗೊತ್ತುಂಟಾ?
ನಮಗೆ ಎಷ್ಟು ನಕ್ಷತ್ರ ಕೊಡುತ್ತೀರಿ, ಅಂತ.
ಮತ್ತೆ ಮೂರು ದಿನ ಬಾಡಿಗೆಯೇ ಬರಲಿಲ್ಲ.
ಮೀಟರು ಕೆಟ್ಟರೆ ನಿಮ್ಮಲ್ಲಿಗೆ ತರಬಹುದು.
ಇದು ಕೆಟ್ಟದ್ದಲ್ಲ ಮೇಡಮ್. ಮುನಿಸಿಕೊಂಡದ್ದು."

ಫೋನನ್ನು ಮಗುಚಿ ನೋಡಿದೆ, ಅಭ್ಯಾಸಬಲ.
ತಂತಿ ಪೋಣಿಸಲು ಒಂದು ತೂತಿಲ್ಲ,
ಚಾರ್ಜರಿನದ್ದು ಬಿಟ್ಟರೆ.

ಕಾಗದ ಬರೆದೆ. ಅದು ಬೆಂಗಳೂರಿಗೆ, ಅಲ್ಲಿಂದ ದೆಹಲಿಗೆ,
ದೆಹಲಿಯಿಂದ ಪುನಃ ನನಗೇ.
ನಿಯಮದ ಕರಡು ಸಮಾಲೋಚನೆಯ ಹಂತದಲ್ಲಿದೆಯಂತೆ.
ವಿಚಾರಣೆಗೆ ಕಂಪನಿಯ ವಕೀಲರು ಪರದೆಯ ಮೇಲೆ ಬಂದರು.
ಹಿಂದೆ ಪುಸ್ತಕದ ಕಪಾಟು. ಅದೂ ಬರೀ ಚಿತ್ರ,
ಅವರು ಅಲುಗಿದಾಗೆಲ್ಲ ಅರ್ಧ ಕಿವಿ
ಕಪಾಟಿನೊಳಗೆ ಹೋಗಿ ಬರುತ್ತಿತ್ತು.
ಬಹಳ ವಿನಯ.
ದರದ ಸೂತ್ರ ವ್ಯಾಪಾರದ ಗುಟ್ಟು.
ನಾವು ಸಾರಿಗೆಯವರಲ್ಲ, ಪರಿಚಯ ಮಾಡಿಸುವವರು ಮಾತ್ರ.
ತಾವು ಹೇಳುವ ಅಳತೆಯ ಯಂತ್ರ
ತಮ್ಮ ವ್ಯಾಪ್ತಿಯಲ್ಲಿ ಇಲ್ಲ, ಮೇಡಮ್.
"ಹಾಗಾದರೆ ಎಲ್ಲಿದೆ?" ಎಂದೆ.
ಧ್ವನಿ ಕಡಿಯಿತು. ಅವರ ಕಡೆಯೋ, ನಮ್ಮ ಕಚೇರಿಯ ನೆಟ್ಟೋ,
ಪ್ರಮಾಣ ಮಾಡಿ ಹೇಳಲಾರೆ.

ನನಗೂ ಗೊತ್ತು.
ರಾತ್ರಿ ಹತ್ತಕ್ಕೆ ಆ ಹುಡುಗಿಗೆ ಆಟೋ ಕರೆದುಕೊಟ್ಟದ್ದು ಅದೇ ಫೋನು.
ಆ ಕಡೆ ಬರುವುದಿಲ್ಲ ಎಂದು ಪಾರ್ಕಿನಲ್ಲಿ ಮುಖ ತಿರುಗಿಸಿದವರು ಇವರೇ.
ನಾನು ಒತ್ತಿದ ಸೀಸದ ಮೇಲೆ ಬೈರಾಸು ಹೊದೆಸಿ
ಬಾಯಿಗೆ ಬಂದದ್ದು ಕೇಳಿದವರೂ.
ದೂರು ಕೊಡಲು ಒಳ್ಳೆಯವರೇ ಆಗಬೇಕೆಂದು
ಯಾವ ಕಾಯಿದೆಯಲ್ಲೂ ಬರೆದಿಲ್ಲ.

ಸಂಜೆ ದಕ್ಕೆಗೆ ಹೋದೆ. ಯಾಕೋ ಜಲಜಕ್ಕನಿಗೆ ಎಲ್ಲ ಹೇಳಿದೆ.
ಬೂತಾಯಿಯ ತಲೆ ತೆಗೆಯುತ್ತಲೇ ಕೇಳಿದಳು:
"ಅವನ ಬಟ್ಟಲಿನಡಿ ಎಷ್ಟು ಗ್ರಾಮು?"
ಗೊತ್ತಿಲ್ಲ.
"ಬಟ್ಟಲು ನೋಡಿದ್ದೀರಾ?"
ಇಲ್ಲ.
"ನನ್ನದನ್ನು ಮಗುಚಿ ನೋಡಿದಿರಲ್ಲ."

ಬೈಗುಳವಲ್ಲ ಅದು. ಮೀನು ಕಟ್ಟಿ ಕೊಟ್ಟಳು,
ಎರಡು ಹೆಚ್ಚೇ ಹಾಕಿದಳು.

ರಾತ್ರಿ ನಮೂನೆ ತೆಗೆದು ಕೂತೆ. ಹಳೆಯದು,
ಮಂಡಿಗೆ, ಮೀನಿಗೆ, ಚಿನ್ನಕ್ಕೆ ಹೊಲಿದದ್ದು.
ದೂರುದಾರ: ಒಂದು ಸಾಲು.
ಎದುರುದಾರ: ಹೆಸರು ಉದ್ದ, ಅಂಚಿಗೂ ಹರಿಯಿತು.
ತಕ್ಕಡಿ ಇರುವ ಸ್ಥಳ:

ಅಲ್ಲಿ ಪೆನ್ನು ನಿಂತಿತು. ಫ್ರಿಜ್ಜು ಸದ್ದು ಮಾಡಿತು, ನಿಲ್ಲಿಸಿತು.
ಮೇಲಿನವರು ಕೆಂಪು ಶಾಯಿ ಹಚ್ಚಿ ಹಿಂದೆ ಕಳಿಸುತ್ತಾರೆ,
ಕಳಿಸಲಿ, ಇನ್ನೂ ಒಂಬತ್ತು ವರ್ಷ ಸರ್ವಿಸಿದೆ.
ಬರೆದೆ:

ಕಂಕನಾಡಿ ಮಾರ್ಕೆಟ್ ಎದುರಿನ ರಿಕ್ಷಾ ಪಾರ್ಕು.
ಸಾಲಿನಲ್ಲಿ ಮೂರನೆಯದು.
ಹ್ಯಾಂಡಲಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದೆ.
ಇದು ನನ್ನ ವ್ಯಾಪ್ತಿ.