ಷರಾ

ಕಾರವಾರ ಬಂದರಿನಲ್ಲಿ ಮೂವತ್ತೊಂದು ವರ್ಷ
ನನ್ನ ಕೆಲಸ ಒಂದೇ: ಕಂಬ ನೋಡುವುದು.
ಕಪ್ಪು ಬಿಳಿ ಪಟ್ಟೆಯ ಅಳತೆಕಂಬ, ಬುಡಕ್ಕೆ ಸಿಂಪಿ ಮೆತ್ತಿದ್ದು.
ನೀರು ಎಲ್ಲಿಗೆ ಏರಿತು, ಎಲ್ಲಿಗೆ ಇಳಿಯಿತು,
ತಾರೀಖು, ಗಂಟೆ, ಮೀಟರು, ಕೊನೆಯಲ್ಲಿ ಷರಾ.
ಸಮುದ್ರವನ್ನು ತಡೆ ಎಂದು ಯಾವ ಸಾಹೇಬನೂ ಹೇಳಲಿಲ್ಲ.
ಷರಾದ ಕೆಳಗೆ ಹೆಚ್ಚಾಗಿ ಬರೆದದ್ದು: ಏನಿಲ್ಲ.

ಈಗ ಆ ಕಂಬ ನನ್ನೊಳಗೇ ನೆಟ್ಟಿದೆ.
ಆರು ತಿಂಗಳಿಗೊಮ್ಮೆ ರಕ್ತ ಕೊಡುತ್ತೇನೆ, ಅಂಕಿ ಬರುತ್ತದೆ:
ಐದು ಪಾಯಿಂಟ್ ಎಂಟು. ಆರು ಪಾಯಿಂಟ್ ಒಂದು.
ಮತ್ತೆ ಐದು ಪಾಯಿಂಟ್ ಆರು.
ಬಾಂಬೋಳಿಯಲ್ಲಿ ಹನ್ನೆರಡು ಸೂಜಿ ಚುಚ್ಚಿದರು,
ಎರಡರಲ್ಲಿ ಸಿಕ್ಕಿತು.
ಮೂರು ಮತ್ತು ಮೂರು, ಆರು, ಎಂದರು ಡಾಕ್ಟರು,
ಒಂದನೇ ಇಯತ್ತೆಯ ಲೆಕ್ಕದ ಹಾಗೆ.
ಕ್ಯಾನ್ಸರು ಹೌದು. ಅವಸರದ್ದಲ್ಲ.
ಕೊಯ್ಯುವುದು ಬೇಡ, ಸುಡುವುದು ಬೇಡ, ಕಣ್ಣಿಟ್ಟಿರೋಣ.

ಮಾಜಾಳಿ ದಾಟುವವರೆಗೂ ಚಂದ್ರಭಾಗಿ ಮಾತಾಡಲಿಲ್ಲ.
ಕಾಳಿ ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಕೇಳಿದಳು:
“ಮನೆಯೊಳಗೆ ಹಾವು ಕಂಡರೆ ನೋಡ್ತಾ ಕೂತ್ಕೊಳ್ಳೋದಾ?”
“ಕೇರೆಯಾದರೆ?”
“ಕೇರೆ ಅಂತ ಯಾರು ಹೇಳಿದ್ದು?”
“ಅದಕ್ಕೇ ನೋಡ್ತಾ ಇರೋದು.”
ಕೋಡಿಬಾಗದಲ್ಲಿ ಇಳಿದು, ಮೀನು ಕೊಳ್ಳದೆ ಮನೆಗೆ ಬಂದೆವು.

ಅವಳ ತಮ್ಮ ಉಲ್ಲಾಸ ಬಂದ, ಮೇಜು ಗುದ್ದಿದ:
ತೆಗೆಸಿ ಬಿಸಾಕಿ ಭಾವ, ಒಂದೇ ಸಲ ಪೀಡೆ ಹೋಗಲಿ.
ತೆಗೆಸಿಕೊಂಡ ತಳೇಕರನನ್ನು ನಾನು ಬಲ್ಲೆ.
ಅವನದು ಸಿಟ್ಟಿನ ಗಡ್ಡೆ, ತೆಗೆಸಲೇಬೇಕಿತ್ತು; ಬದುಕಿದ.
ಈಗ ಊರಿನ ಯಾವ ತಿರುವಿನಲ್ಲಿ ಶೌಚಾಲಯ, ಅವನಿಗೆ ಬಾಯಿಪಾಠ.
ನಕ್ಕರೂ ಒದ್ದೆ, ಸೀನಿದರೂ ಒದ್ದೆ.
ಇನ್ನೊಂದು ವಿಷಯ ಕಡಲ ಕಡೆ ಮುಖ ಮಾಡಿ ಹೇಳಿದ,
ಅದನ್ನಿಲ್ಲಿ ಬರೆಯುವುದಿಲ್ಲ.

ರಕ್ತ ಕೊಟ್ಟ ವಾರ ಮಾತ್ರ
ರಾತ್ರಿ ಮೂರು ಸಲ ಏಳುತ್ತೇನೆ. ನಿಂತು ಆಲಿಸುತ್ತೇನೆ,
ಧಾರೆ ಸಣ್ಣದಾಯಿತೆ, ತಡೆದು ಬಂತೆ.
ಕಿಟಕಿಯಾಚೆ ದೇವಗಡದ ದೀಪ ಮಿಂಚಿ, ಎಣಿಸಿ, ಮತ್ತೆ ಮಿಂಚುತ್ತದೆ.
ಅದೂ ಏನನ್ನೂ ತಡೆಯುವುದಿಲ್ಲ. ಎಚ್ಚರವಿರುತ್ತದೆ, ಅಷ್ಟೇ.

ಒಂದು ಮಾತು ಒಪ್ಪಿಕೊಳ್ಳಬೇಕು:
ಒಂದು ಜೂನಿನಲ್ಲಿ, ಗಾಳಿಗೆ ಹೆದರಿ, ಕಂಬದ ಹತ್ತಿರ ಹೋಗದೆ
ಎರಡು ದಿನ ಅಂದಾಜಿನ ಮೇಲೆ ನೀರು ಏರಿಸಿ ಇಳಿಸಿದ್ದೆ.
ಯಾರಿಗೂ ಗೊತ್ತಾಗಲಿಲ್ಲ.
ಈಗ ಹಾಗೆ ಮಾಡುವಂತಿಲ್ಲ.

ನಿವೃತ್ತಿಯ ದಿನ ತಂದ ಒಂದು ಖಾಲಿ ರಿಜಿಸ್ಟರಿತ್ತು.
ಅದೇ ಕಾಲಂ, ಅದೇ ಕೆಂಪು ಗೆರೆ. ಅಂಕಿ ಅದರಲ್ಲೇ ಏರಿಸುತ್ತೇನೆ.
ನಿನ್ನೆಯ ಸಾಲು: ಐದು ಪಾಯಿಂಟ್ ಒಂಬತ್ತು.
ಇಂದು ತೆರೆದರೆ ಷರಾದ ಕೆಳಗೆ ಅವಳ ಅಕ್ಷರ,
ನೊಗಲಿ ತೊಳೆದ ಕೈಯ ನೀರಿನ ಕಲೆ:
ಕೇರೆ ಸುಮ್ಮನೆ ಮಲಗಿದೆ.

ರಿಜಿಸ್ಟರಿನಲ್ಲಿ ಬೇರೆಯವರ ಕೈಬರಹ ಕಂಡರೆ
ಹೊಡೆದುಹಾಕಿ, ಪಕ್ಕದಲ್ಲಿ ಚಿಕ್ಕ ಸಹಿ ಮಾಡಬೇಕು. ನಿಯಮ.
ಪೆನ್ನು ತೆಗೆದೆ.
ಚಿಕ್ಕ ಸಹಿ ಮಾತ್ರ ಮಾಡಿದೆ.