ತಂದವರು ಯಾರು ಎಂಬ ಕಾಲಂ

ದಾವಣಗೆರೆ ಮಂಡಿಪೇಟೆ, ಬೀಜದಂಗಡಿಯ ಮೇಲೆ
ನಮ್ಮ ಆಫೀಸು. ಐದು ಕುರ್ಚಿ, ಆರು ಜನ.
ಮೆಕ್ಕೆಜೋಳದ ಲಾರಿ ತೂಗುವ ಕಾಟಾಕ್ಕೆ
ಸಾಫ್ಟ್‌ವೇರ್ ಬರೆಯುತ್ತೇವೆ.
ನಾವೇ ಬರೆದದ್ದು, ಅಂದುಕೊಂಡಿದ್ದೆವು.

ಹುಬ್ಬಳ್ಳಿಯ ಗಿರಾಕಿಯಿಂದ ಒಂದೇ ಸಾಲು ಬಂತು:
ಇದರೊಳಗೆ ಏನೇನಿದೆ, ಪಟ್ಟಿ ಕೊಡಿ.

ಎಣಿಸುತ್ತ ಕೂತೆವು. ಮೊದಲ ದಿನ ನಲವತ್ತು.
ಒಂದನ್ನು ಎಳೆದರೆ ಅದರ ಬೆನ್ನಿಗೆ ಹನ್ನೊಂದು,
ಆ ಹನ್ನೊಂದರ ಮಡಿಲಲ್ಲಿ ಮತ್ತೆ ಮೂವತ್ತು.
ಶುಕ್ರವಾರಕ್ಕೆ ಆರುನೂರ ಹದಿನೇಳು.
ನಮ್ಮದು? ಒಂದು ಚೀಲ ಮಂಡಕ್ಕಿಯ ಮೇಲೆ
ಉದುರಿಸಿದ ಪುಟಾಣಿ ಹಿಟ್ಟು.

ಗೆರೆ ಎಳೆದೆ: ಹೆಸರು, ಆವೃತ್ತಿ, ಪರವಾನಗಿ,
ಯಾಕೆ ಬೇಕಾಯಿತು, ತಂದವರು ಯಾರು.
ಕೊನೆಯ ಕಾಲಮಿಗೆ ಬಂದಾಗ
ಎಲ್ಲರಿಗೂ ಕಿಟಕಿಯಾಚೆ ಏನೋ ಕಂಡಿತು.

"ಬಿಟ್ಟಿ ಸಿಕ್ಕಿತ್ತಲ್ರೀ ಮೇಡಂ," ಅಂದ ಕೊಟ್ರೇಶ.
ರಾತ್ರಿ ಎರಡಕ್ಕೆ ಅವನು ತಂದು ಸೇರಿಸಿದ್ದು,
ದಶಮಾಂಶ ಸರಿಮಾಡುವ ಪುಟ್ಟ ಲೈಬ್ರರಿ.
ಪರವಾನಗಿಯನ್ನು ಶಾಹಿಸ್ತಾ ಗಟ್ಟಿಯಾಗಿ ಓದಿದಳು,
ಕರಾರುಪತ್ರ ಓದುವ ಹಾಗೆ:
ನನ್ನದನ್ನು ಬೆರೆಸಿ ಮಾರಿದರೆ
ನಿನ್ನದನ್ನೂ ತೆರೆದಿಡು.
ಫ್ಯಾನಿಗೂ ಸದ್ದಿದೆ ಎಂದು ಆಗ ಗೊತ್ತಾಯಿತು.

ತೆಗೆಯುವುದೋ, ತೆರೆಯುವುದೋ. ಎರಡು ದಿನ ಜಗಳ.
ನಾನು ಅದರ ಬುಡ ಹುಡುಕಿಕೊಂಡು ಹೋದೆ.
ಒಬ್ಬನೇ ಮನುಷ್ಯ, ಯಾವುದೋ ಚಳಿಯ ಊರು.
ಕೊನೆಯ ಟಿಪ್ಪಣಿ: ಹಗಲು ಬೇರೆ ಕೆಲಸ,
ತಡವಾದರೆ ಕ್ಷಮಿಸಿ.
ಕೆಳಗೆ ಸಾಲುಸಾಲು ಗದರಿಕೆ. ಅದರಲ್ಲೊಂದು
ನಮ್ಮದೇ ಆಫೀಸಿನ ವಿಳಾಸದಿಂದ.
ಯಾರದೆಂದು ಇಲ್ಲಿ ಬರೆಯುವುದಿಲ್ಲ.

ಬಿಟ್ಟಿ, ಹಳೆಯ ಮಾತು.
ಪುಕ್ಕಟೆ ಎಂಬುದು ಆಮೇಲೆ ಅಂಟಿದ ಅರ್ಥ.
ಮೊದಲಿದ್ದದ್ದು,
ಇನ್ನೊಬ್ಬರ ಹೊಲದಲ್ಲಿ ಕೂಲಿಯಿಲ್ಲದೆ ಬಗ್ಗಿದ ಬೆನ್ನು.

ಕಾಟಾದ ಲೆಕ್ಕವನ್ನು ತೆರೆದಿಟ್ಟೆವು, ಎದೆ ಡವಗುಟ್ಟುತ್ತ.
ಯಾರೂ ಕದಿಯಲಿಲ್ಲ.
ಯಾರೂ ಬಂದು ನೋಡಲೂ ಇಲ್ಲ.
ಹದಿನಾಲ್ಕು ಟನ್ನಿನ ಲಾರಿಗೆ ಅರ್ಧ ಕೆಜಿ ತಪ್ಪುತ್ತಿತ್ತಲ್ಲ,
ಆ ತಿದ್ದುಪಡಿಯನ್ನು ಅವನಿಗೂ ಕಳಿಸಿದೆವು.
ಉತ್ತರ ಇನ್ನೂ ಬಂದಿಲ್ಲ. ಹಗಲು ಬೇರೆ ಕೆಲಸ.

ಇವತ್ತು ಬೆಳಿಗ್ಗೆ ಕೊಟ್ರೇಶ ನನ್ನ ಟೇಬಲ್ಲಿಗೆ ಬಂದ,
ಪಕ್ಕದ ಮನೆಗೆ ಸಕ್ಕರೆಗೆ ಬಂದವನ ಹಾಗೆ.
"ಮೇಡಂ, ಹೊಸದೊಂದು ತರ್ಲಾ?"
ಎಲ್ಲಿಂದ, ಅಂದೆ.
"ಯಾರಿಂದ," ಅಂತ ತಿದ್ದಿದ.