ಕಾಣೆ

ಜೂನ್ ಒಂದಕ್ಕೆ ಮಲ್ಪೆಯ ಬೋಟುಗಳೆಲ್ಲ ಒಳಗೆ ಬಂದು
ಒಂದಕ್ಕೊಂದು ಹೆಗಲು ತಾಗಿಸಿ ನಿಂತ ಮೇಲೆ
ಸೊಸೈಟಿಯವರು ನನಗೆ ಕೊಟ್ಟದ್ದು ಅರುವತ್ತೊಂದು ದಿನ,
ಐಸ್ ಪ್ಲಾಂಟಿನ ಮೇಲೊಂದು ಕೋಣೆ,
ಒಂದು ಫ್ಯಾನು, ಒಂದು ಮಾತು:
'ಎಲ್ಲ ನೀನೇ ಕಟ್ಟಲಿಕ್ಕೆ ಹೋಗಬೇಡ ಮಾರಾಯ್ತಿ,
ರೆಡಿ ಇದ್ದದ್ದು ತಾ, ಜೋಡಿಸು. ಆಗಸ್ಟಿಗೆ ಏಲಂ ಶುರು.'

ಸರಿಯೇ. ಬೋಟು ಕಟ್ಟುವವರು ಮೊಳೆಯನ್ನೂ ತಾವೇ ಬಡಿಯುತ್ತಾರೆಯೇ?
ಇಂಜಿನು ಹೊರಗಿನದು, ಬಲೆ ಹೊರಗಿನದು,
ದಿಕ್ಕು ತೋರುವ ಡಬ್ಬಿಯೂ ಹೊರಗಿನದು.
ಮುಳುಗುವಾಗ ಮಾತ್ರ ಎಲ್ಲ ಒಟ್ಟಿಗೆ.

ತೂಕಕ್ಕೊಂದು, ಬಿಲ್ಲಿಗೊಂದು, ಲೆಕ್ಕ ತೊಳೆಯಲಿಕ್ಕೊಂದು,
ಮೂರು ಕಂಪನಿಗಳಿಂದ ತರಿಸಿದೆ.
ಮುಖಪುಟದಲ್ಲೆಲ್ಲ ನಗುವ ಜನ.
ಯಾರ ಕೈಗೂ ಮೀನಿನ ವಾಸನೆ ಇಲ್ಲ.

ಕೆಳಗೆ, ಒಣಮೀನಿನ ಬುಟ್ಟಿಯ ಹಿಂದೆ, ಸೀತು ಕರ್ಕೇರ,
ನಲುವತ್ತು ವರ್ಷ ಏಲಂನಲ್ಲಿ ನಿಂತವಳು.
'ಹೇಗೆ ಆರಿಸುವುದು ನೀವು?'
'ಎಂತ ಆರಿಸುವುದು? ಕಿವಿರು ಎತ್ತು, ಕೆಂಪುಂಟಾ ನೋಡು.
ಹೆಬ್ಬೆರಳಲ್ಲಿ ಒತ್ತು. ಗುಂಡಿ ಬಿದ್ದದ್ದು ಏಳದಿದ್ದರೆ
ಮುಂದಿನ ಬುಟ್ಟಿಗೆ ಹೋಗು.
ಕಣ್ಣನ್ನು ನಂಬಬೇಡ. ಐಸ್ ಇಟ್ಟರೆ ಹಳತರ ಕಣ್ಣೂ ಹೊಳೆಯುತ್ತದೆ.'

ನನ್ನ ಡಬ್ಬಿಗಳಿಗೆ ಕಿವಿರಿಲ್ಲ.
ಒಳಗನ್ನು ಮುಚ್ಚಿಯೇ ಮಾರುತ್ತಾರೆ. ಬಾಗಿಲು ಎರಡೇ,
ಹಾಕಲಿಕ್ಕೊಂದು, ಬರಲಿಕ್ಕೊಂದು.
ಒತ್ತಿ ನೋಡುವುದೊಂದೇ ಉಳಿದದ್ದು.

ಒತ್ತಿದೆ. ಹೋದ ವರ್ಷದ ಏಲಂ ಪುಸ್ತಕ,
ಉಪ್ಪುನೀರಿಗೆ ಶಾಯಿ ಹಬ್ಬಿದ ಹಾಳೆ,
ಗುಮಾಸ್ತ ವಿಠಲ ಸಾಲ್ಯಾನರ ಓರೆ ಅಕ್ಷರ,
ಒಂದೊಂದೇ ಸಾಲು ಟೈಪಿಸಿ ಒಳಗೆ ಬಿಟ್ಟೆ.
ಬಂಗುಡೆ ಹೋಯಿತು, ಬಂತು. ಬೂತಾಯಿ ಹೋಯಿತು, ಬಂತು.
ಅಂಜಲ್, ಮಾಂಜಿ, ಬೊಂಡಾಸ್ ಎಲ್ಲ ಸರಿ.
ಡಿಸ್ಕೋ ಎಂಬ ಮೀನಿಗೂ ಅದು ಹುಬ್ಬೇರಿಸಲಿಲ್ಲ.

ಮೊತ್ತದಲ್ಲಿ ನಲುವತ್ತು ಕಿಲೋ ಕಡಿಮೆ.

ಎರಡು ದಿನ ಹುಡುಕಿದೆ. ನನ್ನದೇ ತಪ್ಪೆಂದು
ಬೆರಳು ಮಡಿಸಿ ಕೂಡಿದೆ. ತಕ್ಕಡಿಯನ್ನು ಬೈದೆ.
ಮೂರನೆಯ ರಾತ್ರಿ, ಕೆಳಗೆ ಐಸಿನ ಯಂತ್ರ ಕೆಮ್ಮಿ ನಿಂತ ಹೊತ್ತಿಗೆ,
ಸಿಕ್ಕಿತು.
ಸಾಲ್ಯಾನರು ಬರೆದಿದ್ದರು: ಕಾಣೆ, ೪೦.
ಲೆಕ್ಕ ತೊಳೆಯುವ ಡಬ್ಬಿಗೆ ಯಾರೋ ಕನ್ನಡ ಕಲಿಸಿದ್ದಾರೆ,
ನಿಘಂಟಿನ ಕನ್ನಡ.
ಕಾಣೆ ಎಂದರೆ ಇಲ್ಲದ್ದು. ಇಲ್ಲದ್ದನ್ನು ಅಳಿಸುವುದು ಅದರ ಧರ್ಮ.
ಸೊಲ್ಲೆತ್ತದೆ, ಮರಳುಬಣ್ಣದ ಅಷ್ಟೂ ಮೀನನ್ನು
ವಾಪಸು ಕಡಲಿಗೆ ಬಿಟ್ಟಿದೆ.

ಒಬ್ಬಳೇ ನಕ್ಕೆ.
ಆಮೇಲೆ ಹೆದರಿಕೆ. ಇದು ಆಗಸ್ಟಿನಲ್ಲಿ ಆಗಿದ್ದರೆ?
ಯಾರ ಬೋಟಿನದೋ, ಯಾವ ಕಲಾಸಿಯ ಪಾಲೋ,
ಕಾಗದದಲ್ಲೇ ಇಲ್ಲದ್ದನ್ನು ಯಾರು ಯಾರಲ್ಲಿ ಕೇಳುವುದು?

ಎರಡನೆಯ ಕಂಪನಿಯದೂ ಹಾಗೇ, ಇನ್ನಷ್ಟು ವೇಗವಾಗಿ.
ಮೂರನೆಯದು ಬಡಕಲು, ನಿಧಾನ, ಬಣ್ಣವಿಲ್ಲ.
ಆ ಸಾಲಿಗೆ ಬಂದದ್ದೇ ಗಕ್ಕನೆ ನಿಂತಿತು:
ಇದು ನನಗೆ ತಿಳಿಯಲಿಲ್ಲ, ಏನು ಮಾಡಲಿ?
ಅಷ್ಟು ಹೊತ್ತಿನಲ್ಲಿ ನನ್ನನ್ನು ಯಾರಾದರೂ ಏನಾದರೂ ಕೇಳಿದ್ದು
ಅದೇ ಮೊದಲು.

ವರದಿಯಲ್ಲಿ ಇದಕ್ಕೆಲ್ಲ ಇರುವುದು ಒಂದೇ ಚೌಕ,
ದೋಷ ನಿರ್ವಹಣೆ, ಹತ್ತಕ್ಕೆ ಎಷ್ಟು.
ಎಂಟು ಹಾಕಿದೆ. ಅಳಿಸಿ ಏಳು ಮಾಡಿದೆ,
ಏಕೆಂದರೆ ಅದು ಪ್ರತಿ ಸಲವೂ ಕೇಳುತ್ತದೆ,
ಬೆಳಗಿನ ನಾಲ್ಕಕ್ಕೆ, ಬುಟ್ಟಿಗಳ ನೂಕಾಟದ ನಡುವೆ,
ಉತ್ತರ ಹೇಳಲು ಯಾರಾದರೂ ಇರಬೇಕು.
ಹಾಗಾಗಿ ನಾನೇ ಮೂವತ್ತೆಂಟು ಸಾಲಿನ ಒಂದು ಬೆಸುಗೆ ಬರೆದೆ,
ಹೊರಗಿನ ಮಾತನ್ನು ಈ ಧಕ್ಕೆಯ ಮಾತಿಗೆ ತಾಗಿಸಲಿಕ್ಕೆ.
ಇಷ್ಟೆಲ್ಲದರಲ್ಲಿ ನನ್ನದೆಂಬುದು ಅಷ್ಟೇ.

ಇಳಿದು ಬರುವಾಗ ಸೀತಕ್ಕ ಬುಟ್ಟಿಗೆ ಪ್ಲಾಸ್ಟಿಕ್ ಹೊದೆಸುತ್ತಿದ್ದಳು.
'ಎಂತ ಹುಡುಕುವುದು ನೀನು ಇಷ್ಟು ದಿನ, ಆ ಮಾಳಿಗೆಯಲ್ಲಿ?'
'ಕಾಣೆ' ಎಂದೆ.
'ಈ ತಿಂಗಳಲ್ಲಿ ಎಲ್ಲಿಯ ಕಾಣೆ' ಎಂದಳು,
ಗಂಟು ಬಿಗಿಯುತ್ತ. 'ಬೋಟು ಹೋಗಲಿ.'